ಪುಟಾಣಿಗಳಿಗೆ ಫುಟ್‌ಬಾಲ್: ಸಾಲು ಬೇಡ, ಚೆಂಡು ಕೊಡಿ

ಏಪ್ರಿಲ್ ಬಂತೆಂದರೆ ಸಾಕು, ಬೀದಿಯ ಕಾಂಪೌಂಡುಗಳ ಮೇಲೆಲ್ಲ ಬೇಸಿಗೆ ಶಿಬಿರಗಳ ಪೋಸ್ಟರ್. ‘ನಾಲ್ಕು ವರ್ಷ ಮೇಲ್ಪಟ್ಟವರಿಗೆ ಫುಟ್‌ಬಾಲ್’ ಎಂಬುದನ್ನು ನೋಡಿ ನಾನೂ ಮಗನನ್ನು ಸೇರಿಸಿದ್ದೆ. ಟಿವಿ ಮುಂದೆ ಕೂರೋದಾದರೂ ತಪ್ಪಲಿ ಅನ್ನುವ ಆಸೆ. ಎರಡನೇ ದಿನ ಮರದ ಕೆಳಗೆ ನಿಂತು ನೋಡಿದೆ. ಹದಿನೆಂಟು ಮಕ್ಕಳು, ಎರಡು ಚೆಂಡು, ಉದ್ದನೆಯ ಸಾಲು. ಅರ್ಧ ಗಂಟೆಯಲ್ಲಿ ಅವನ ಸರದಿ ಬಂದದ್ದು ಮೂರೇ ಸಲ. ಉಳಿದ ಹೊತ್ತೆಲ್ಲ ಮಣ್ಣು ಕೆದಕಿ ಬೈಸಿಕೊಂಡದ್ದೇ ಆಯ್ತು. ನಾಲ್ಕನೇ ದಿನ ‘ಹೊಟ್ಟೆನೋವು’ ಶುರು!

ತಪ್ಪು ಮಗುವಿನದೇ? ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆ ಓಡಾಡಿಕೊಂಡಿರಬೇಕು, ಅದರಲ್ಲಿ ಒಂದು ಗಂಟೆಯಾದರೂ ಚುರುಕಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಸಾಲಿನಲ್ಲಿ ನಿಂತರೆ ಇದು ಆದೀತೇ? ಆದ್ದರಿಂದ ಹಣ ಕಟ್ಟುವ ಮೊದಲು ಒಂದು ಸಂಜೆ ಹೋಗಿ ನೋಡಿ. ತಲೆಗೊಂದು ಚೆಂಡು ಇಲ್ಲದಿದ್ದರೆ ವಾಪಸ್ ಬನ್ನಿ.

ನಾಲ್ಕೈದು ಅಮ್ಮಂದಿರು ಸೇರಿದರೆ ಪಾರ್ಕಿನ ಮೂಲೆಯಲ್ಲಿ ನಾವೇ ಆಡಿಸಬಹುದು. ದೊಡ್ಡವರ ಐದನೇ ನಂಬರ್ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಪುಟ್ಟ ಕಾಲಿಗೆ ಭಾರ. ಅಂಗಡಿಯಲ್ಲಿ ಮೂರನೇ ನಂಬರ್ ಕೇಳಿ. ಬಿಸಿಲು ಇಳಿದ ಮೇಲೆ ಅರ್ಧ ಗಂಟೆ ಸಾಕು. ಐದಾರು ನಿಮಿಷಕ್ಕೊಮ್ಮೆ ಆಟ ಬದಲಾಯಿಸಿ, ಇಲ್ಲದಿದ್ದರೆ ಚಿಟ್ಟೆ ಹಿಂದೆ ಓಡುತ್ತವೆ!

ನಾವು ಆಡಿದ ‘ಕೆರೆ-ದಡ’ ನೆನಪಿದೆಯಲ್ಲ? ಸುಣ್ಣದಲ್ಲಿ ದೊಡ್ಡ ವೃತ್ತ ಎಳೆಯಿರಿ. ‘ಕೆರೆ’ ಎಂದಾಗ ಎಲ್ಲರೂ ತಮ್ಮ ಚೆಂಡನ್ನು ಕಾಲಲ್ಲಿ ತಳ್ಳಿಕೊಂಡು ಒಳಗೆ, ‘ದಡ’ ಎಂದಾಗ ಹೊರಗೆ. ನಡುವೆ ಬೇಕೆಂದೇ ‘ಕೆರೆ, ಕೆರೆ’ ಎಂದು ಏಮಾರಿಸಿ, ನಗು ನೋಡಿ. ಚೆಂಡನ್ನು ಕಾಲ ಹತ್ತಿರವೇ ಇಟ್ಟುಕೊಳ್ಳುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲ ಇದರಲ್ಲೇ ಬರುತ್ತದೆ. ‘ಔಟ್’ ಅಂತ ಯಾರನ್ನೂ ಕೂರಿಸಬೇಡಿ. ಮೊದಲು ಔಟಾಗುವುದು ನಿಧಾನದ ಮಗುವೇ, ಹೆಚ್ಚು ಅಭ್ಯಾಸ ಬೇಕಾದದ್ದೂ ಅದಕ್ಕೇ. ಐದು ಸಲ ಚೆಂಡಿನ ಮೇಲೆ ಪಾದ ಮುಟ್ಟಿಸಿ ಮತ್ತೆ ಸೇರಿಕೊಳ್ಳಲಿ. ಆಮೇಲೆ ಖಾಲಿ ನೀರಿನ ಬಾಟಲಿಗಳನ್ನು ನಿಲ್ಲಿಸಿ, ಒದ್ದು ಬೀಳಿಸಲಿ.

ಕೊನೆಗೆ ಮೂವರು ಮೂವರ ಪುಟ್ಟ ಮ್ಯಾಚ್. ಎರಡು ಚಪ್ಪಲಿ ಇಟ್ಟರೆ ಗೋಲು, ಗೋಲ್‌ಕೀಪರ್ ಬೇಡ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲರೂ ಚೆಂಡಿಗೇ ಮುತ್ತುತ್ತಾರೆ, ಮುತ್ತಲಿ ಬಿಡಿ. ‘ಪಾಸ್ ಮಾಡೋ’ ಎಂದು ಕೂಗುವುದು ದಂಡ. ಬಿಸ್ಕತ್ತನ್ನೇ ಹಂಚಿಕೊಳ್ಳದ ವಯಸ್ಸು, ಚೆಂಡು ಕೊಟ್ಟಾರೆಯೇ? ತಲೆಯಿಂದ ಹೊಡೆಸುವುದಂತೂ ಬೇಡವೇ ಬೇಡ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲೇ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಲ್ಲಿ ಇದು ಕೂಡದು ಎಂದಿದೆ.

ಅಂದಹಾಗೆ, ಅಣ್ಣ ಆಡುವಾಗ ತಂಗಿಯನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಮ್ಮಂದಿರನ್ನು ಈಗಲೂ ನೋಡುತ್ತೇನೆ. ಅವಳಿಗೂ ಒಂದು ಚೆಂಡು ತನ್ನಿ. ನಡುವೆ ನೀರು ಕುಡಿಸಿ, ‘ಇನ್ನೊಂದಾಟ ಆಂಟಿ’ ಎಂದು ಗೋಗರೆಯುತ್ತಿರುವಾಗಲೇ ಆಟ ನಿಲ್ಲಿಸಿ. ನಾಳೆ ಐದು ಗಂಟೆಗೆ ನಿಮ್ಮನ್ನು ಎಳೆದುಕೊಂಡು ಹೊರಡುವವರು ಅವರೇ.