ನಿಮಗೆ ಗೊತ್ತಿರುವ 3,418 ಕುಟುಂಬಗಳು

ಪಿರಿಯಾಪಟ್ಟಣದ ಸಂತೆಯಲ್ಲಿ, ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿ ನೀವು ಅವರನ್ನು ಕಂಡಿದ್ದೀರಿ. ನಸುಕಿಗೇ ಕೊಡಗಿನ ತೋಟಗಳತ್ತ ಹೊರಡುವ ಜೀಪುಗಳಲ್ಲಿ ಒತ್ತೊತ್ತಾಗಿ ಕೂತವರನ್ನು, ನಿಮ್ಮದೇ ಹೊಲದಲ್ಲಿ ಹೊಗೆಸೊಪ್ಪು ಮುರಿದು ಕಡ್ಡಿಗೆ ಕಟ್ಟಿದವರನ್ನು, ಕೆಸರಲ್ಲಿ ಕೂತು ಶುಂಠಿ ಕಿತ್ತವರನ್ನು. ಹಾಡಿಯವರು ಅನ್ನುತ್ತೀರಿ. ಕೂಲಿ ಕೊಡುತ್ತೀರಿ, ಹೊತ್ತಾದರೆ ಊಟಕ್ಕೂ ಕರೆಯುತ್ತೀರಿ. ನೀವು ಕೆಟ್ಟವರಲ್ಲ; ಅದಕ್ಕೇ ಈ ಮಾತನ್ನು ನಿಮ್ಮ ಹತ್ತಿರವೇ ಆಡುತ್ತಿದ್ದೇನೆ. ಇವರು ಎಲ್ಲಿಂದ ಬಂದರು, ಇವರನ್ನು ಎಬ್ಬಿಸಿದವರು ಯಾರು? ನಿಮಗೆ ಗೊತ್ತಿದೆ.

ನಿಮಗೆ ಗೊತ್ತಿದೆ, 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಾಗರಹೊಳೆಯ ಹಾಡಿಗಳು ಒಂದೊಂದಾಗಿ ಬರಿದಾದವು. ಅದೇ ದಶಕದಲ್ಲಿ ಕಬಿನಿಯ ಹಿನ್ನೀರು ಎಚ್.ಡಿ. ಕೋಟೆಯ ಕಾಡನ್ನೂ ಊರುಗಳನ್ನೂ ನುಂಗಿತು. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಕಾಡಂಚಿಗೆ ಬಂದು ಬಿದ್ದರು. ನಾಗರಹೊಳೆ ಕಾಡಿನ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಹೋಟೆಲು ಏಳಲು ಹೊರಟಾಗ ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯ ಹೆಸರಲ್ಲಿ ಈ ಬಡವರೇ ಹೈಕೋರ್ಟಿನ ಮೆಟ್ಟಿಲೇರಿ, 1997ರಲ್ಲಿ ಗೆದ್ದು, ಆ ಕಾಡನ್ನು ನಮಗೆಲ್ಲ ಉಳಿಸಿಕೊಟ್ಟರು. ಹೋಟೆಲಿನ ಕೆಲಸ ನಿಂತುಹೋಯಿತು. ಕಾಡು ಉಳಿಸಿದವರಲ್ಲಿ ಎಷ್ಟೋ ಮಂದಿಗೆ ಕಾಡಿನಲ್ಲಿ ಗುಡಿಸಲ ಜಾಗವೂ ಉಳಿಯಲಿಲ್ಲ. ನಾಗಾಪುರದಂಥ ಕಡೆ ಕೆಲವರಿಗೆ ಮನೆ, ಜಮೀನು ಸಿಕ್ಕಿತು, ನಿಜ. ಉಳಿದವರು?

ಉಳಿದವರ ನೋವನ್ನು ಅಳೆಯುವುದು ಹೇಗೆ? ಪ್ರಭುತ್ವ ತನ್ನ ಜನರ ಮೇಲೆ ನಡೆಸುವ ದಬ್ಬಾಳಿಕೆಯನ್ನು ಅಳೆಯಲು ರಾಜ್ಯಶಾಸ್ತ್ರದವರು ಮಾಪಕಗಳನ್ನು ಮಾಡಿಕೊಂಡಿದ್ದಾರೆ. ಪೊಲಿಟಿಕಲ್ ಟೆರರ್ ಸ್ಕೇಲ್ ಎಂಬುದು ಆಮ್ನೆಸ್ಟಿಯಂಥ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ಓದಿ ದೇಶ ದೇಶಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತದೆ: ಕೊಲೆ, ಚಿತ್ರಹಿಂಸೆ, ನಾಪತ್ತೆ, ರಾಜಕೀಯ ಸೆರೆವಾಸ. ಬೇಕಾದ ಕೆಲಸವೇ ಅದು. ಆದರೆ ವರದಿಗೆ ಬಾರದ ನೋವು ಅಂಕಕ್ಕೂ ಬಾರದು. ಒಂದೇ ಒಂದು ಗುಂಡು ಹಾರಿಸದೆ, ಗುಡಿಸಲು ಕಿತ್ತು, ಬೇಸಾಯ ನಿಲ್ಲಿಸಿ, ಸೌದೆ ತಂದವಳ ಮೇಲೆ ಕೇಸು ಹಾಕಿ, ಒಂದು ಜನವನ್ನು ಎರಡು ತಲೆಮಾರು ಸರಿಸುತ್ತಲೇ ಹೋದರೆ ಅದಕ್ಕೆ ಯಾವ ಅಂಕ?

ಹೀಗೆ ಸರಿದುಹೋದವರನ್ನು ಎಣಿಸಲು ಒಬ್ಬರು ಹೊರಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದ ಪ್ರೊ. ಮುಜಾಫರ್ ಅಸ್ಸಾದಿ. ಹೈಕೋರ್ಟು ನೇಮಿಸಿದ ಸಮಿತಿಯ ಮುಖ್ಯಸ್ಥರಾಗಿ ನಾಗರಹೊಳೆಯಿಂದ ಹೊರಬಿದ್ದವರ ಲೆಕ್ಕ ತೆಗೆದು 2014ರಲ್ಲಿ ವರದಿ ಕೊಟ್ಟರು: 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು. ಅಸ್ಸಾದಿ ಮೇಷ್ಟ್ರು 2025ರ ಜನವರಿಯಲ್ಲಿ ತೀರಿಕೊಂಡರು. ವರದಿ ಇನ್ನೂ ಕಾಯುತ್ತಿದೆ. ಕಾಯುತ್ತ ಕಾಯುತ್ತ ಹಾಡಿಯ ಯಜಮಾನರು ಒಬ್ಬೊಬ್ಬರಾಗಿ ಮಣ್ಣಾಗುತ್ತಿದ್ದಾರೆ, ಅದೂ ತಮ್ಮ ಹಿರಿಯರ ಮಣ್ಣಿನಲ್ಲಲ್ಲ.

2022ರ ಅಕ್ಟೋಬರ್‌ನಲ್ಲಿ ಎಚ್.ಡಿ. ಕೋಟೆಯ ಹಾಡಿಯೊಂದರ ಆದಿವಾಸಿಯನ್ನು ಜಿಂಕೆ ಮಾಂಸದ ಆರೋಪದ ಮೇಲೆ ಹಿಡಿದೊಯ್ದರು. ಅರಣ್ಯ ಇಲಾಖೆಯ ವಶದಲ್ಲಿದ್ದಾಗಲೇ ಆತನ ಜೀವ ಹೋಯಿತು. ಸಿಬ್ಬಂದಿಯ ಮೇಲೆ ಕೊಲೆ ಮೊಕದ್ದಮೆಯೂ ದಾಖಲಾಯಿತು. ಪತ್ರಿಕೆಯಲ್ಲಿ ನೀವೂ ಓದಿದಿರಿ. ಓದಿ, ಅಯ್ಯೋ ಪಾಪ ಎಂದು ಪುಟ ತಿರುಗಿಸಿದಿರಿ. 2025ರ ಮೇ ತಿಂಗಳಲ್ಲಿ ಜೇನು ಕುರುಬರ 50ರಷ್ಟು ಕುಟುಂಬಗಳು ಕೊಡಗಿನ ಕಡೆಯ ಕರಡಿಕಲ್ಲಿನ ಹಳೆಯ ಹಾಡಿಗೆ ಮರಳಿ ಹೋದ ಸುದ್ದಿಯೂ ನಿಮಗೆ ಗೊತ್ತಿದೆ.

ಹುಲಿ ಉಳಿಯಬೇಡವೇ ಅನ್ನುತ್ತೀರಿ. ಉಳಿಯಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಕೊಟ್ಟರು. ಹುಲಿಯೂ ಸೋಲಿಗರೂ ಇಂದಿಗೂ ಅದೇ ಬೆಟ್ಟದಲ್ಲಿದ್ದಾರೆ.

ಕಾನೂನು ಹಾಡಿಯ ಪರವಾಗಿಯೇ ಇದೆ, ಸಂಕಟವೆಂದರೆ ಅದು. 2006ರ ಅರಣ್ಯ ಹಕ್ಕು ಕಾಯ್ದೆ, 2005ರ ಡಿಸೆಂಬರ್ 13ಕ್ಕೆ ಮೊದಲು ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗೂ ಪುನರ್ವಸತಿಯ ಹಕ್ಕು ಕೊಡುತ್ತದೆ. ಕಾಗದಪತ್ರ ಇಲ್ಲದವರು ಹಿರಿಯರನ್ನು ಹೂಳಿದ ಜಾಗ ತೋರಿಸಬಹುದು, ಹಳೆಯ ಬಾವಿ ತೋರಿಸಬಹುದು, ದೇವರ ಬನ ತೋರಿಸಬಹುದು. ಮುದುಕಿಯೊಬ್ಬಳು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, ಮೇಲ್ಮನವಿಗೆ 60 ದಿನ ಇದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆಯ ಅರ್ಜಿಗಳು ಗ್ರಾಮಸಭೆ ದಾಟಿ ಬರುವುದು ಹುಣಸೂರಿನ ಉಪವಿಭಾಗಾಧಿಕಾರಿಯ ಮುಂದೆ. ಪಹಣಿ ತಿದ್ದುಪಡಿಗೆ, ಜಮೀನಿನ ತಕರಾರಿಗೆ ಎಂದು ನೀವು ಎಷ್ಟು ಸಲ ಹತ್ತಿಳಿದ ಕಚೇರಿ ಅದು! ಮುಂದಿನ ಸಲ ಹೋದಾಗ ನಿಮ್ಮ ಕೆಲಸದ ಜೊತೆಗೆ ಹಾಡಿಯವರದ್ದನ್ನೂ ಕೇಳಿ: ಎಷ್ಟು ಅರ್ಜಿ ಬಂದವು, ಎಷ್ಟು ಹಕ್ಕುಪತ್ರ ಕೊಟ್ಟಿರಿ, ತಿರಸ್ಕರಿಸಿದ್ದಕ್ಕೆ ಕಾರಣ ಬರೆದು ಕೊಟ್ಟಿರಾ, ಅಸ್ಸಾದಿ ವರದಿ ಎಲ್ಲಿಗೆ ಬಂತು? ಓಟು ಕೇಳಿ ಬಂದವರನ್ನೂ ಕೇಳಿ. ನಿಮ್ಮ ಹೊಲದಲ್ಲಿ ದುಡಿಯುವವಳನ್ನು, ನಿನ್ನ ಅರ್ಜಿ ಏನಾಯ್ತವ್ವಾ ಎಂದು ಕೇಳಿ. ತಿರಸ್ಕಾರದ ಕಾಗದ ಕೈಲಿ ಹಿಡಿದು ಅದರಲ್ಲೇನಿದೆಯೆಂದು ತಿಳಿಯದೆ ಕೂತಿದ್ದರೆ ಓದಿ ಹೇಳಿ. ಗಡುವು ಮುಗಿಯುವ ಮೊದಲು ಮೇಲ್ಮನವಿ ಬರೆದುಕೊಟ್ಟು, ಕಚೇರಿಗೆ ಅವಳ ಜೊತೆಯಲ್ಲೇ ಹೋಗಿ.