ದಡ್ಡನೆನಿಸಿಕೊಂಡವನ ತಕರಾರು

ಉಪೇಂದ್ರರನ್ನು ಮೆಚ್ಚಿದವರಲ್ಲಿ ನಾನೂ ಒಬ್ಬ. 1998ರಲ್ಲಿ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು ‘ಎ’ ನೋಡಿದ್ದೆ. ಆ ಚಿತ್ರ ಮೊದಲು ಹಂಗಿಸಿದ್ದು ಚಿತ್ರರಂಗವನ್ನೇ. ಆದ್ದರಿಂದ ಅದರ ಕಟಕಿಗೆ ಬೆಲೆಯಿತ್ತು.

2015ರ ‘ಉಪ್ಪಿ 2’ರ ತರುವಾಯ ಅವರು ನಿರ್ದೇಶಿಸಿದ ‘ಯುಐ’ 2024ರ ಡಿಸೆಂಬರಿನಲ್ಲಿ ತೆರೆಕಂಡಿತು. ಬುದ್ಧಿವಂತರು ಎದ್ದುಹೋಗಲಿ, ದಡ್ಡರು ಕುಳಿತು ನೋಡಲಿ ಎಂಬ ಅಪ್ಪಣೆಯೊಂದಿಗೇ ಚಿತ್ರ ಮೊದಲಾಗುತ್ತದೆ. ಮಂದಿ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಆದರೆ ಕೊನೆಯವರೆಗೂ ಅದೇ ಬೈಗುಳ! ಸತ್ಯನೆಂದೂ ಕಲ್ಕಿಯೆಂದೂ ಹೆಸರುಗಳುಂಟು; ನಾವು ಮರುಗಬಹುದಾದ ಮನುಷ್ಯನೊಬ್ಬನಿಲ್ಲ.

ಕರಾಳ ಹಾಸ್ಯವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುವುದೆಂದು ಹೆದರಿ ಎಷ್ಟೋ ಮುಖ್ಯಮಂತ್ರಿಗಳು ಇತ್ತ ಸುಳಿಯಲೇ ಇಲ್ಲ. 2013ರಲ್ಲಿ ಸಿದ್ದರಾಮಯ್ಯನವರು ಬಂದರು. ಐದು ವರ್ಷ ಪೂರಾ ಆಳಿದರು. ಅಲ್ಲಿಯ ತನಕ ಆ ಮೌಢ್ಯವನ್ನು ಹೇಳಿಕೊಂಡು ನಗುತ್ತಿದ್ದವರೂ ನಾವೇ, ಅದರಿಂದ ನಷ್ಟ ಉಂಡವರೂ ನಾವೇ. ನೋಯುವವನೇ ನಗುವಾಗ ಹಾಸ್ಯ ಕಚ್ಚುತ್ತದೆ. ಎತ್ತರದಲ್ಲಿ ನಿಂತು ಪ್ರೇಕ್ಷಕನನ್ನು ದಡ್ಡನೆನ್ನುವುದು ಬರಿಯ ಉಪದೇಶ, ಅದಕ್ಕೆ ಟಿಕೆಟ್ಟೇಕೆ?

ಉಪೇಂದ್ರರೇ, ಮುಂದಿನ ಚಿತ್ರಕ್ಕೂ ಬರುತ್ತೇನೆ. ದಡ್ಡರ ಸಾಲಿನಲ್ಲಿ ನಿಮಗೂ ಒಂದು ಕುರ್ಚಿ ಹಾಕಿಕೊಳ್ಳಿ.