ಮರ ಕಡಿಯೋದು ಗೊತ್ತು, ಕಡೆಯೋದೂ ಗೊತ್ತಿರಲಿ

ನಮ್ಮ ಕಡೆ ಈಗ ಬದುವಿನ ಮರಗಳು ಹೋಗ್ತಿರೋದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಬೋರ್‌ನಲ್ಲಿ ನೀರು ಬಿದ್ದ ತಕ್ಷಣ ಅಡಿಕೆ ಹಾಕೋ ಆತುರ. ಇನ್ನೊಂದು, ಮಳೆ ಕೈಕೊಟ್ಟ ವರ್ಷ ಒಣಗಿದ್ದನ್ನ ಹೇಗಾದ್ರೂ ದುಡ್ಡು ಮಾಡ್ಕೊಳ್ಳೋ ಕಷ್ಟ. ಹೊಳಲ್ಕೆರೆ ಇರಲಿ, ಹೊಸದುರ್ಗ, ಹಿರಿಯೂರು ಇರಲಿ, ಕೊನೆ ಒಂದೇ. ತಾತನ ಕಾಲದ ಹುಣಸೆ, ಬೇವು, ಮಾವು ಟನ್ ಲೆಕ್ಕದಲ್ಲಿ ಇಟ್ಟಿಗೆ ಗೂಡಿಗೆ ಹೋಗುತ್ತೆ. ಕಡಿಯೋ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತೆ ಅಂತ ಮಾರಿದವರಿಗೇ ಗೊತ್ತು.

ನನ್ನ ಅಭಿಪ್ರಾಯ ಇಷ್ಟು: ಒಂದೂವರೆ ಅಡಿಗಿಂತ ದಪ್ಪ ಇರೋ ಬೊಡ್ಡೆಯನ್ನ ಸೌದೆ ಅಂತ ಲೆಕ್ಕ ಹಾಕಬಾರದು. ಅದು ಪಾತ್ರೆಯ ಮರ. ಲೇತ್‌ನಲ್ಲಿ ದೊಡ್ಡ ಬಟ್ಟಲು, ಬೋಗುಣಿ ಕಡೆಯೋಕೆ ಅಂಥ ಬೊಡ್ಡೆಯೇ ಬೇಕು.

ಮರದ ಪಾತ್ರೆ ನಮಗೇನೂ ಹೊಸದಲ್ಲ. ಹಿಂದಿನವರ ಮನೆಯಲ್ಲಿ ಮರಿಗೆ ಇರ್ತಿತ್ತು. ಅದನ್ನ ಆಚಾರ್ರು ಬಾಚಿ, ಉಳಿ ಹಿಡಿದು ತೋಡ್ತಿದ್ರು. ಲೇತ್‌ನಲ್ಲಿ ಮರವೇ ತಿರುಗುತ್ತೆ, ಉಳಿಯನ್ನ ಆಸರೆಗೆ ಕೊಟ್ಟು ಹಿಡೀತಾರೆ, ಅಷ್ಟೇ ವ್ಯತ್ಯಾಸ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಹೆಸರಾದ ಊರು ಚನ್ನಪಟ್ಟಣ. ಅಲ್ಲಿ ಬಳಸೋದು ಆಲೆ ಮರ. ಬೆಳ್ಳಗೆ, ನುಣುಪಾಗಿರೋ ಮರ, ಆದರೆ ಸಣ್ಣ ಗಾತ್ರದ್ದು. ಅದಕ್ಕೇ ಅವರದ್ದು ಹೆಚ್ಚಾಗಿ ಬೊಂಬೆ, ಮಣಿ, ಬಳೆ, ಡಬ್ಬಿ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಹಿಡಿಯುತ್ತೆ, ಮೇಲೆ ಕೇದಗೆ ಗರಿ ಒತ್ತಿ ಹೊಳಪು ತರ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಅವರಿಗಿದೆ. ಅವರ ಹತ್ತಿರ ಕೈಯಿದೆ, ದಪ್ಪ ಮರ ಇಲ್ಲ. ನಮ್ಮ ಹತ್ತಿರ ದಪ್ಪ ಮರ ಇದೆ, ಅದು ಗೂಡಿಗೆ ಹೋಗ್ತಿದೆ.

ಮರದ ಬೆಲೆ ನಿರ್ಧಾರ ಆಗೋದು ಲೇತ್ ಮೇಲಲ್ಲ, ಹೊಲದಲ್ಲಿ. ಅದೂ ಕಡಿದ ಮೊದಲ ವಾರದಲ್ಲಿ. ಹಸಿ ಮರ ಒಣಗುವಾಗ ತಿರುಳಿಂದ ತೊಗಟೆ ಕಡೆಗೆ ಕುಗ್ಗೋದಕ್ಕಿಂತ ಸುತ್ತಳತೆಯ ದಿಕ್ಕಿಗೆ ಹೆಚ್ಚು ಕುಗ್ಗುತ್ತೆ, ಹೆಚ್ಚೂ ಕಮ್ಮಿ ಎರಡು ಪಟ್ಟು. ಅದಕ್ಕೇ ದುಂಡು ಬೊಡ್ಡೆ ಹಾಗೇ ಬಿಟ್ರೆ ತಿರುಳಿಂದ ಸೀಳು ಬಿಡುತ್ತೆ. ನಮ್ಮ ಒಣಗಾಳಿಗೆ ಇದು ಬಲು ಬೇಗ ಆಗುತ್ತೆ. ಸೀಳು ಬಿಟ್ಟ ಮೇಲೆ ಅದು ಸೌದೆಯೇ.

ತಪ್ಪಿಸೋದು ಕಷ್ಟ ಅಲ್ಲ. ಬೊಡ್ಡೆಯ ದಪ್ಪ ಎಷ್ಟೋ ಅದಕ್ಕಿಂತ ಎರಡು ಇಂಚು ಉದ್ದ ಹಿಡಿದು ತುಂಡು ಮಾಡಿ. ಪ್ರತಿ ತುಂಡನ್ನ ತಿರುಳಿನ ಮೇಲೇ ಉದ್ದಕ್ಕೆ ಎರಡು ಹೋಳು ಮಾಡಿಸಿ. ಕೊಯ್ದ ತುದಿಗಳಿಗೆ ಅದೇ ದಿನ ಮೇಣವೋ ಉಳಿದ ಪೇಂಟೋ ದಪ್ಪಗೆ ಬಳಿದು ನೆರಳಲ್ಲಿ, ನೆಲಕ್ಕೆ ತಾಗದ ಹಾಗೆ ಜೋಡಿಸಿ. 20 ಇಂಚು ದಪ್ಪದ, 10 ಅಡಿ ಉದ್ದದ ಬೊಡ್ಡೆಗೆ 22 ಇಂಚಿನ 5 ತುಂಡು, ಅಂದ್ರೆ 10 ಹೋಳು. ಹೋಳಿಗೊಂದು ಸುಮಾರು 18 ಇಂಚು ಅಗಲದ ಬಟ್ಟಲು. ಟನ್ ಲೆಕ್ಕ ಹಾಕೋ ಮುಂಚೆ ಈ ಲೆಕ್ಕ ಒಂದ್ಸಲ ಹಾಕಿ ನೋಡಿ.

ಎಲ್ಲ ಮರವೂ ಒಂದೇ ಅಲ್ಲ. ಮಾವು ಮೆತ್ತಗೆ, ಕಡೆಯೋಕೆ ಸುಲಭ, ಆದರೆ ಹುಳ ಬೇಗ ಬೀಳುತ್ತೆ. ಹಲಸು ಹಳದಿ ಇದ್ದದ್ದು ವರ್ಷ ಕಳೆದಂತೆ ಕಂದು ಆಗುತ್ತೆ. ಹುಣಸೆಯ ಕೆಚ್ಚು ಕಪ್ಪುಗೆಂಪು, ಉಳಿಯ ಬಾಯಿ ಮಂಡು ಮಾಡುವಷ್ಟು ಗಟ್ಟಿ. ಒನಕೆ, ಗಾಣಕ್ಕೆ ಅದನ್ನ ಬಳಸಿದ್ದು ಸುಮ್ಮನೆ ಅಲ್ಲ. ತೆಂಗು ಮಾತ್ರ ದೊಡ್ಡ ಬಟ್ಟಲಿಗೆ ಆಗಲ್ಲ. ಹೊರಗಡೆ ಗಟ್ಟಿ, ಒಳಗೆ ಮೆದು. ಇನ್ನು ಬದುವಿನ ಬೇವಿನಲ್ಲಿ ಬೇಲಿ ತಂತಿ, ಮೊಳೆ ಹೂತಿರುತ್ತೆ. ಕೊಯ್ಯುವವರಿಗೂ ಕಡೆಯುವವರಿಗೂ ಮೊದಲೇ ಹೇಳಿ.

ಕಡೆಯೋ ಕೆಲಸ ಎರಡು ಹಂತದ್ದು. ಹಸಿ ಇದ್ದಾಗಲೇ ಒರಟಾಗಿ ಕಡೆದು, ಅಗಲದ ಹತ್ತನೇ ಒಂದು ಭಾಗದಷ್ಟು ಗೋಡೆ ಬಿಡ್ತಾರೆ. 18 ಇಂಚಿನ ಬಟ್ಟಲಿಗೆ ಎರಡು ಇಂಚಿಗೆ ಸ್ವಲ್ಪ ಕಮ್ಮಿ. ಅದನ್ನ ಕೆಲವು ತಿಂಗಳು, ಗಟ್ಟಿ ಮರ ಆದ್ರೆ ವರ್ಷದವರೆಗೂ ಒಣಗೋಕೆ ಬಿಡ್ತಾರೆ. ಒಣಗಿದಾಗ ಮೊಟ್ಟೆ ಆಕಾರಕ್ಕೆ ಸೊಟ್ಟ ಆಗಿರುತ್ತೆ, ಮತ್ತೆ ಲೇತ್‌ಗೆ ಹಾಕಿ ದುಂಡು ಮಾಡ್ತಾರೆ. ಈ ವರ್ಷ ಕಡಿದ ಮರಕ್ಕೆ ಮುಂದಿನ ವರ್ಷ ದುಡ್ಡು ಅಂತ ತಿಳ್ಕೊಂಡೇ ಇಳೀಬೇಕು.

ಇದು ಆಟದ ಕೆಲಸವೂ ಅಲ್ಲ. ಅಷ್ಟು ದೊಡ್ಡ ಹಸಿ ಹುಣಸೆ ಹೋಳು 50 ಕೆ.ಜಿ. ದಾಟುತ್ತೆ. ಮೂಲೆ ತರಿದು ದುಂಡು ಮಾಡದೆ ಲೇತ್‌ಗೆ ಏರಿಸಬಾರದು. 18 ಇಂಚಿನ ತುಂಡು ನಿಮಿಷಕ್ಕೆ 500 ಸುತ್ತು ತಿರುಗಿದ್ರೆ ಅದರ ಅಂಚು ಗಂಟೆಗೆ 40 ಕಿ.ಮೀ.ಗೂ ಮೇಲೆ ಓಡ್ತಿರುತ್ತೆ. ಸೀಳಿದ್ದ ತುಂಡು ಹಾರಿ ಬಂದ್ರೆ ಜೀವಕ್ಕೇ ಅಪಾಯ. ನಿಧಾನಕ್ಕೆ ಶುರು ಮಾಡ್ಬೇಕು, ಮುಖಕ್ಕೆ ಪೂರ್ತಿ ಕವಚ ಬೇಕು, ಹೆಗಲ ಮೇಲೆ ಟವೆಲ್, ಸಡಿಲ ತೋಳಿನ ಅಂಗಿ ಇರಬಾರದು. ಸಣ್ಣ ಲೇತ್‌ನಲ್ಲಿ ಇದು ಹಿಡಿಯೋದೂ ಇಲ್ಲ. ತಿರುಗೋ ನಡುವಿಂದ ಕೆಳಗಿನ ಹಾಸಿಗೆವರೆಗೆ 9 ಇಂಚಿಗಿಂತ ಜಾಸ್ತಿ ಜಾಗ ಬೇಕು.

ಹಾಗಾಗಿ ಎಲ್ಲರೂ ಸಾಲ ಮಾಡಿ ಲೇತ್ ತನ್ನಿ ಅಂತ ನಾನು ಹೇಳಲ್ಲ, ಅದು ತಪ್ಪು ಸಲಹೆ. ತಾಲ್ಲೂಕಿಗೆ ಒಬ್ಬಿಬ್ಬರು ಆಚಾರ್ರು ಕಲಿತು ಮಾಡಿದ್ರೆ ಸಾಕು, ನಾವು ಸರಿಯಾಗಿ ಕೊಯ್ದ ಹೋಳು ಕೊಡೋಣ. ಗಿರಾಕಿ ಮೊದಲು, ಲೇತ್ ಆಮೇಲೆ. ಊಟದ ಬಟ್ಟಲಿಗೆ ನಮ್ಮ ಕಡಲೆಕಾಯಿ ಎಣ್ಣೆ ಹಚ್ಚಬೇಡಿ, ಕಮಟು ವಾಸನೆ ಬರುತ್ತೆ. ಏನೂ ಬೆರೆಸದ ಅಗಸೆ ಎಣ್ಣೆ ಮರದೊಳಗೇ ಒಣಗಿ ಗಟ್ಟಿಯಾಗುತ್ತೆ.

"ಇದೆಲ್ಲ ಬೆಂಗಳೂರಿನವರ ಶೋಕಿ, ನಮಗ್ಯಾಕೆ" ಅನ್ನೋರಿದ್ದಾರೆ. ಇರಬಹುದು. ಕೊಳ್ಳೋರು ಅವರೇ ಆದ್ರೂ ಮರ ನಮ್ಮದು. ಕಡಿಮೆ ದುಡ್ಡಿಗೆ ಸುಟ್ಟು ಬೂದಿ ಆಗೋದನ್ನ ನೋಡೋದಕ್ಕಿಂತ ಶೋಕಿ ಮಾಡೋರಿಗೆ ಮಾರೋದೇ ವಾಸಿ.

ಆದರೆ ಒಂದು ಮಾತು ಖಡಾಖಂಡಿತ. ಬಟ್ಟಲಿಗೋಸ್ಕರ ಬದುಕಿರೋ ಮರಕ್ಕೆ ಕೊಡಲಿ ಹಾಕಬೇಡಿ. ಹುಣಸೆ ವರ್ಷ ವರ್ಷ ಹಣ್ಣು ಕೊಡುತ್ತೆ, ಬಟ್ಟಲು ಕೊಡೋದು ಒಂದೇ ಸಲ. ನಾನು ಹೇಳ್ತಿರೋದು ಗಾಳಿಗೆ ಬಿದ್ದದ್ದು, ನಿಂತಲ್ಲೇ ಒಣಗ್ತಿರೋದರ ಬಗ್ಗೆ. ನಮ್ಮದೇ ಹೊಲದ್ದಾದ್ರೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಎಷ್ಟೋ ಜಾತಿಯ ಮರ ಕಡಿಯೋಕೆ ಅನುಮತಿ ಬೇಕು. ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಯೇ ಗರಗಸ ಇಡಿ.

ಮುಂದಿನ ಸಲ ನಿಮ್ಮ ಬದುವಿನಲ್ಲಿ ಮರ ಬಿದ್ದಾಗ ಗೂಡಿನವರಿಗೆ ಫೋನ್ ಮಾಡೋ ಮುಂಚೆ ಟೇಪು ಹಿಡಿದು ಬೊಡ್ಡೆ ಅಳೆಯಿರಿ. ಕೊಂಬೆ ಗೂಡಿಗೆ ಹೋಗಲಿ, ಬೊಡ್ಡೆ ನೆರಳಲ್ಲಿ ಇರಲಿ.